ಕಾಕಾ ಎನ್ನಲು ಕಲಿಸಿದವಳು

ಈ ಬೇಸಿಗೆಗೆ ಲಿಂಗಸುಗೂರಿನಲ್ಲಿ ಮಕ್ಕಳ ನಾಟಕ ಶಿಬಿರ ನಡೆಸಬೇಕೆಂದಿರುವ ನಾಲ್ಕೈದು ಜನ ಎಳೆಯರು ಕಳೆದ ತಿಂಗಳು ಸಿಂಧನೂರಿನ ನಮ್ಮ ಮನೆಗೆ ಬಂದಿದ್ದರು. ಮಕ್ಕಳ ಸುರಕ್ಷತೆಗೆ ಒಂದಿಷ್ಟು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಬೇಕಂತೆ. ಮೂವತ್ತು ವರ್ಷ ಕನ್ನಡ ಕಲಿಸಿದವಳು, ಮಸ್ಕಿಯಲ್ಲಿ ಒಂಬತ್ತು ಬೇಸಿಗೆ ಇಂಥದೇ ಶಿಬಿರ ನಡೆಸಿದವಳು ಎಂದು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಒಂದು ಮಗುವನ್ನು ಒಬ್ಬರೇ ದೊಡ್ಡವರ ಜೊತೆ ಎಲ್ಲಿಗೂ ಕಳಿಸಬಾರದು, ವೇಷ ಬದಲಿಸುವ ಕೋಣೆಗೆ ಗಂಡಸರು ಹೋಗಬಾರದು, ಕೇಳದೆ ಮಕ್ಕಳ ಫೋಟೊ ತೆಗೆಯಬಾರದು, ಹೀಗೆ ಒಂದು ಪುಟ ಅವರೇ ಬರೆದು ತಂದಿದ್ದರು. ಚೆನ್ನಾಗಿಯೇ ಇತ್ತು. ನಾನು ಪೆನ್ನು ತೆಗೆದುಕೊಂಡು ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿದೆ: ಶಿಬಿರದಲ್ಲಿ ಯಾವ ಮಗುವೂ ದೊಡ್ಡವರನ್ನು ಕಾಕಾ, ಮಾಮಾ ಎಂದು ಕರೆಯತಕ್ಕದ್ದಲ್ಲ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಸ್ವಲ್ಪ ಧೈರ್ಯವಂತೆಯಾದ ಹುಡುಗಿಯೊಬ್ಬಳು ನಕ್ಕಳು.

"ಇದೇನ್ರಿ ಟೀಚರ್, ಹುಡುಗ್ರು ನಮಗ ಸರ್ ಮೇಡಂ ಅನ್ನಬೇಕೇನ್ರಿ? ಸಾಲಿ ಬಿಟ್ಟಾಗಾದ್ರೂ ಆರಾಮ ಇರಲಿ ಅಂತ ಬರ್ತಾವ. ಮೊದಲನೇ ದಿನಾನ ಅಂಜಿ ಓಡಿ ಹೋಗ್ತಾವ್ರಿ."

"ಓಡಿ ಹೋಗಾಕ ಬಂದ್ರ ಚೊಲೋನ ಆತು. ಬರಕೋರಿ," ಎಂದೆ.

ಕಾರಣ ಹೇಳಲಿಲ್ಲ. ನನ್ನ ಮಾತಿಗೆ ಎದುರಾಡಿದವರು ಕಡಿಮೆ, ಅವರೂ ಬರೆದುಕೊಂಡು ಚಹಾ ಕುಡಿದು ಹೋದರು. ಮುದುಕಿಗೆ ವಯಸ್ಸಾಯಿತು ಎಂದು ದಾರಿಯುದ್ದಕ್ಕೂ ನಕ್ಕಿರಬೇಕು. ನಗಲಿ. ಆ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲಿನಿಂದಲೂ ಜೋರಿನ ಹೆಂಗಸು. ಹಿಡಿದದ್ದನ್ನು ಬಿಡುವವಳಲ್ಲ, ನನ್ನ ಕಣ್ಣು ತಪ್ಪಿಸಿ ಒಂದು ಹುಲ್ಲುಕಡ್ಡಿ ಅಲ್ಲಾಡಬಾರದು ಎನ್ನುವ ಜಾತಿ. ಮಸ್ಕಿಯ ಶಾಲೆಗೆ ವರ್ಗವಾಗಿ ಬಂದಾಗ ಅಲ್ಲಿನ ಹೆಣ್ಣುಮಕ್ಕಳು ಬೇಸಿಗೆ ರಜೆಯಲ್ಲಿ ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಗಂಡುಹುಡುಗರು ಗುಡ್ಡ ಹತ್ತಿ ಇಳಿದು ಹೊತ್ತು ಕಳೆಯುತ್ತಿದ್ದರೆ ಇವರು ತಮ್ಮ-ತಂಗಿಯರನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ನಾನು ಮನೆಮನೆಗೆ ಹೋಗಿ, ತಾಯಂದಿರ ಜೊತೆ ಜಗಳ ಕಾದು, ತಂದೆಯಂದಿರಿಗೆ ಕೈಮುಗಿದು, ಮೊದಲ ವರ್ಷ ಏಳು ಜನ ಹುಡುಗಿಯರನ್ನು ಕರೆತಂದೆ. ನಾಲ್ಕನೆಯ ವರ್ಷದ ಹೊತ್ತಿಗೆ ಇಪ್ಪತ್ತು ದಾಟಿದ್ದರು. ಆ ಲೆಕ್ಕ ನನ್ನ ತಲೆಯಲ್ಲಿ ಸದಾ ಕುಣಿಯುತ್ತಿತ್ತು ಎಂದು ಈಗ ಒಪ್ಪಿಕೊಳ್ಳಬೇಕು. ಹುಡುಗಿಯರಿಗಿಂತ ಹೆಚ್ಚಾಗಿ ಆ ಸಂಖ್ಯೆಯನ್ನೇ ನಾನು ಕಾಯುತ್ತಿದ್ದೆ.

ಶಿಬಿರದ ಮೊದಲ ದಿನ ನನ್ನದೇ ಒಂದು ಪದ್ಧತಿ ಇತ್ತು. ದೊಡ್ಡವರೆಲ್ಲ ಶಾಲೆಯ ಪಡಸಾಲೆಯಲ್ಲಿ ಸಾಲಾಗಿ ಕೂರಬೇಕು. ಮಕ್ಕಳು ಒಬ್ಬೊಬ್ಬರಾಗಿ ಬಂದು ಪ್ರತಿಯೊಬ್ಬರ ಮುಂದೆ ನಿಲ್ಲಬೇಕು. ನಾನು ಸಂಬಂಧ ಹೇಳಿಕೊಡುತ್ತಿದ್ದೆ. "ಇಲ್ಲಿ ಸರ್ ಇಲ್ಲ, ಮೇಡಂ ಇಲ್ಲ. ನಾ ನಿಮಗ ದೊಡ್ಡವ್ವ. ಇವರು ವೇಷ ಹೊಲಿತಾರ, ಇವರು ಖಾಲಾ. ಇವರು ಪೆಟಿಗಿ ಬಾರಸ್ತಾರ, ಇವರು ಕಾಕಾ." ಮಕ್ಕಳು ನಾಚುತ್ತ ನಾಚುತ್ತ ಹೇಳುತ್ತಿದ್ದರು. ಮೂರನೆಯ ದಿನಕ್ಕೆ ಹಕ್ಕಿನಿಂದ ಕೂಗುತ್ತಿದ್ದರು. ನಮ್ಮ ಕಡೆ ಬಸ್ಸಿನ ಕಂಡಕ್ಟರನೂ ಅಣ್ಣ, ತರಕಾರಿಯವಳೂ ಅಕ್ಕ, ಪಕ್ಕದ ಮನೆಯ ಸಾಯಬರೂ ಮಾಮು. ಹಾಗಿರುವಾಗ ಶಿಬಿರದಲ್ಲಿ ಮಾತ್ರ ಯಾಕೆ ದೂರ ದೂರ ಎಂಬುದು ನನ್ನ ವಾದ. ನೋಡಲು ಬಂದ ಅಧಿಕಾರಿಗಳು ಇದನ್ನು ಕಂಡು ಹೊಗಳಿದರೆ ನಾನು ಉಬ್ಬುತ್ತಿದ್ದೆ. ಶಿಬಿರ ಮನೆಯಾಗಬೇಕು ಎಂದು ಭಾಷಣವನ್ನೂ ಮಾಡುತ್ತಿದ್ದೆ. ಮನೆಯೊಳಗೆ ಏನೇನು ನಡೆಯುತ್ತದೆ ಎಂಬುದು ಶಾಲೆಯಲ್ಲಿ ಅಷ್ಟು ವರ್ಷ ಕಳೆದ ನನಗೆ ಗೊತ್ತಿರಬೇಕಾಗಿತ್ತು.

ಉರ್ದುವಿನಲ್ಲಿ ಚಿಕ್ಕಮ್ಮನಿಗೆ ಖಾಲಾ. ನಮ್ಮ ಖಾಲಾ ಎಂದರೆ ಮಸ್ಕಿಯ ಹಳೇ ಪೇಟೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಒಬ್ಬ ಮುಸ್ಲಿಂ ಹೆಣ್ಣುಮಗಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಓದಿದ್ದು ಐದನೆಯ ತರಗತಿ, ಕಣ್ಣು ಮಾತ್ರ ಸೂಜಿಯಷ್ಟು ಚುರುಕು. ಕಾಕಾ ಎಂದರೆ ನಮ್ಮ ಹಾರ್ಮೋನಿಯಂ ಮಾಸ್ತರರು. ಪಾಮನಕಲ್ಲೂರಿನ ಆಚೆಗೆ ಒಂದು ಊರಿನವರು, ಐವತ್ತು ದಾಟಿದವರು, ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟವರಲ್ಲ. ಮೆತ್ತಗಿನ ಮಾತು. ಜೇಬಿನಲ್ಲಿ ಸದಾ ಪೆಪ್ಪರಮೆಂಟು. ದಿನಾ ಮೋಟಾರ್ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು.

ಹುಡುಗಿ ಪಾಮನಕಲ್ಲೂರಿನವಳು. ಹನ್ನೆರಡು ವರ್ಷ. ಅವಳ ತಾಯಿ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು, ತಂದೆ ಇರಲಿಲ್ಲ. ಆ ನಾಲ್ಕನೆಯ ವರ್ಷ ನಾನು ಬರೆದ ನಾಟಕದಲ್ಲಿ ರಾಜನಿಗೆ ಬುದ್ಧಿ ಹೇಳುವ ಒಬ್ಬ ಅಜ್ಜಿ ಇದ್ದಳು. ಆ ಪಾತ್ರಕ್ಕೆ ಮೂರು ಜನರನ್ನು ನಿಲ್ಲಿಸಿ ನೋಡಿದೆ. ಈ ಹುಡುಗಿ ಬಂದು ಏನೂ ಮಾತಾಡದೆ ಒಂದು ಕೈ ಸೊಂಟಕ್ಕೆ ಇಟ್ಟು, ನೆಲ ಹಿಡಿದು ಕೂತು, "ಅವ್ವಾ" ಎಂದು ಒಂದು ಉಸಿರು ಬಿಟ್ಟಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಷ್ಟೇ ಅಲ್ಲ, ಹಾಡಿದರೆ ಅಡುಗೆ ಕೋಣೆಯಿಂದ ಜನ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ಅಂಥ ಮಗು ನನಗೆ ಸಿಕ್ಕಿದ್ದು ಒಂದೇ.

ಬಿಸಿಲಿನ ದೆಸೆಯಿಂದ ನಮ್ಮ ತಾಲೀಮು ಮಧ್ಯಾಹ್ನ ಮೂರೂವರೆಗೆ ಶುರುವಾಗಿ ಸಂಜೆ ಆರೂವರೆವರೆಗೆ ನಡೆಯುತ್ತಿತ್ತು. ಆ ಹೊತ್ತಿಗೆ ಪಾಮನಕಲ್ಲೂರಿನ ಬಸ್ಸು ಹೊರಟುಹೋಗಿರುತ್ತಿತ್ತು. ಅದಕ್ಕೆ ನಾನು ಒಂದು ಪಟ್ಟಿ ಮಾಡಿದ್ದೆ. ಯಾವ ಮಗು ಯಾರ ಜೊತೆ ಮನೆಗೆ ಹೋಗಬೇಕು ಎಂದು. ಆ ಊರಿನ ಮೂರು ಮಕ್ಕಳಿದ್ದರು, ಇವಳು ಮತ್ತು ಅಣ್ಣತಮ್ಮಂದಿರಾದ ಇಬ್ಬರು ಹುಡುಗರು. ಮೂವರೂ ಮಾಸ್ತರರ ಗಾಡಿಯ ಮೇಲೆ. ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಒಬ್ಬ, ಹಿಂದೆ ಇಬ್ಬರು. ಆ ಗಾಡಿ ಹೊರಟರೆ ಪೊಲೀಸರೂ ನಕ್ಕು ಬಿಡುತ್ತಿದ್ದರು. ಹುಡುಗಿಯ ತಾಯಿಗೆ ಫೋನ್ ಮಾಡಿ ಕೇಳಿದಾಗ ಆಕೆ, "ಕಾಕಾನ ಜೊತಿ ಬರ್ತಾಳಂದ್ರ ನನಗೇನು ಚಿಂತಿಲ್ರಿ," ಎಂದಿದ್ದಳು. ಆಕೆ ಆ ಮನುಷ್ಯನನ್ನು ಒಮ್ಮೆಯೂ ನೋಡಿರಲಿಲ್ಲ. ಕಾಕಾ ಎಂದು ನಾನು ಕೊಟ್ಟ ಆ ಒಂದು ಹೆಸರು ಸಾಕಾಗಿತ್ತು.

ಹದಿನೈದನೆಯ ದಿನ ಆ ಇಬ್ಬರು ಹುಡುಗರು ಸೋದರಮಾವನ ಮದುವೆಗೆಂದು ಗುರುಗುಂಟಾಕ್ಕೆ ಹೋದವರು ಮತ್ತೆ ಬರಲಿಲ್ಲ. ಅವರಿಬ್ಬರೂ ರಾಜನ ಸೈನಿಕರು. ನಾನು ಎರಡು ದಿನ ತಲೆ ಕೆಡಿಸಿಕೊಂಡು ಬೇರೆ ಸೈನಿಕರನ್ನು ಹುಡುಕಿದೆ. ಪಟ್ಟಿಯಲ್ಲಿ ಅವರ ಹೆಸರು ಹೊಡೆದು ಹಾಕಿದೆ. ಕೆಳಗೆ ಉಳಿದ ಒಂದೇ ಹೆಸರನ್ನು ನೋಡಿದೆ. ನೋಡಿದ್ದು ನೆನಪಿದೆ, ಏನೂ ಅನ್ನಿಸಲಿಲ್ಲ. ಮಾಸ್ತರರು ಬೇರೆ ಮಕ್ಕಳಿಗೆ ಒಂದು ಪೆಪ್ಪರಮೆಂಟು ಕೊಟ್ಟರೆ ಅವಳಿಗೆ ಎರಡು ಕೊಡುತ್ತಿದ್ದರು. ಅದನ್ನೂ ನೋಡಿದ್ದೆ. ತಂದೆಯಿಲ್ಲದ ಮಗು ಎಂದು ಅಕ್ಕರೆ ಇರಬೇಕು ಎಂದುಕೊಂಡೆ.

ಪ್ರದರ್ಶನಕ್ಕೆ ನಾಲ್ಕು ದಿನವಿತ್ತು. ತಾಲೀಮು ಮುಗಿಸಿ ಮಕ್ಕಳು ಚಪ್ಪಲಿ ಹುಡುಕುತ್ತಿದ್ದರು. ಒಳಗೆ ಬೇರೆ ಇಬ್ಬರು ಹುಡುಗರು ರಾಜ ಬರುವಾಗಿನ ಹಲಗೆಯನ್ನು ಇನ್ನೂ ಬಾರಿಸುತ್ತಿದ್ದರು. ಮಾಸ್ತರರು ಗೇಟಿನ ಹತ್ತಿರ ಗಾಡಿ ಶುರುಮಾಡಿ ನಿಂತಿದ್ದರು. ಹುಡುಗಿ ನನ್ನ ಹತ್ತಿರ ಬಂದು ಸೆರಗು ಹಿಡಿದಳು.

"ದೊಡ್ಡವ್ವ, ನಾ ಇವತ್ತು ಬಸ್ಸಿಗೆ ಹೋಗ್ತೀನಿ."

"ಬಸ್ ಹೋಗಿ ತಾಸಾತಲ್ಲ ಬೇ."

"ಹಂಗಂದ್ರ ಇಲ್ಲೇ ಇರ್ತೀನಿ." ನೆಲ ನೋಡುತ್ತ ಹೇಳಿದಳು: "ಕಾಕಾನ ಗಾಡಿ ಮ್ಯಾಲ ನಾ ಹೋಗಂಗಿಲ್ಲ. ಕಾಕಾ ಚೊಲೋ ಇಲ್ಲ ದೊಡ್ಡವ್ವ."

ಹಲಗೆಯ ಸದ್ದಿನಲ್ಲೂ ನನಗೆ ಒಂದೊಂದು ಅಕ್ಷರ ಕೇಳಿಸಿತು. ಅದರ ಅರ್ಥ ಏನಿರಬಹುದು ಎಂದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು: ಈ ಮಾತು ಗೇಟಿನಾಚೆ ಹೋದರೆ ನಾಳೆ ಒಬ್ಬ ಹುಡುಗಿಯೂ ಬರುವುದಿಲ್ಲ, ಮುಂದಿನ ವರ್ಷವಂತೂ ಶಿಬಿರವೇ ಇಲ್ಲ. ನಾಲ್ಕು ವರ್ಷ ಮನೆಮನೆ ತಿರುಗಿದ್ದು ನೀರಿನಲ್ಲಿ ಹೋಮ.

ಖಾಲಾ ಅಲ್ಲೇ ಬಾಗಿಲಲ್ಲಿ ವೇಷದ ಬಟ್ಟೆ ಮಡಚುತ್ತಿದ್ದಳು. ಹುಡುಗಿ ನನ್ನ ಸೆರಗು ಹಿಡಿದು ನಿಂತದ್ದಷ್ಟೇ ಅವಳಿಗೆ ಕಂಡಿತ್ತು, ಮಾತು ಕೇಳಿರಲಿಲ್ಲ. ಅಷ್ಟಕ್ಕೇ ಎದ್ದು ಬಂದಳು.

"ಟೀಚರ್, ಬಚ್ಚಿ ಒಲ್ಲೆ ಅನ್ನಾಕತ್ತಾಳ ಕಾಣ್ತದ. ಇವತ್ತೊಂದಿನ ನಮ್ಮ ಮನ್ಯಾಗ ಇರಲಿ ಬಿಡ್ರಿ. ನನ್ನ ಮಕ್ಕಳ ಜೊತಿ ಮಕ್ಕೋತಾಳ. ಅವರವ್ವಗ ನಾ ಫೋನ್ ಮಾಡ್ತೀನಿ."

ನಾನು ಸಿಟ್ಟಾದೆ. ಅಂಜಿಕೆಯಾದಾಗ ನಾನು ಸಿಟ್ಟಾಗುವುದೇ ಹೆಚ್ಚು.

"ಹೆಣ್ಣುಹುಡುಗೀನ ಬ್ಯಾರೆಯವರ ಮನ್ಯಾಗ ಇಟ್ಕೊಂಡ್ರು ಅಂತ ಊರ ಮಂದಿ ಬಾಯಿಗೆ ಬೀಳಬೇಕೇನು? ನೀ ಸುಮ್ನಿರು. ನಿನಗ ಇದೆಲ್ಲ ಗೊತ್ತಾಗಂಗಿಲ್ಲ," ಎಂದೆ. ಹುಡುಗಿಗೆ ಹೇಳಿದೆ: "ಕಾಕಾಗ ಹಂಗ ಅಂತಾರೇನು? ಪೆಟಿಗಿ ಮುಂದ ತಪ್ಪಿದ್ರ ಬೈದಿರಬೇಕು. ಮನಿ ಮಂದಿ ಬೈಯಂಗಿಲ್ಲೇನು? ನಡಿ."

ಕೈ ಹಿಡಿದು ಗೇಟಿನವರೆಗೆ ಕರೆದುಕೊಂಡು ಹೋದೆ. ಗಾಡಿಯ ಮೇಲೆ ನಾನೇ ಕೂರಿಸಿದೆ. ಅವಳು ಹಿಂದಕ್ಕೆ ಸರಿದು ಸೀಟಿನ ತುದಿಗೆ ಕೂತಳು. ಮಾಸ್ತರರು ನಕ್ಕು, "ಬರ್ತೀನ್ರಿ ಟೀಚರ್," ಎಂದರು. ಇನ್ನು ಮುಂದೆ ನಾನು ಆ ಮನುಷ್ಯನನ್ನು ಅವನು ಎಂದೇ ಬರೆಯುತ್ತೇನೆ.

ಮರುದಿನ ಹುಡುಗಿ ಬರಲಿಲ್ಲ. ಜ್ವರವಂತೆ ಎಂದು ಅವನೇ ಹೇಳಿದ. ಅದರ ಮರುದಿನವೂ ಇಲ್ಲ. ನಾನು ಫೋನ್ ಮಾಡಿದರೆ ತಾಯಿ ಎತ್ತಲಿಲ್ಲ. ಖಾಲಾ ನನಗೆ ಹೇಳದೆ ಕೇಳದೆ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿ ಪಾಮನಕಲ್ಲೂರಿಗೆ ಹೋಗಿ ಬಂದಳು. ಪ್ರದರ್ಶನದ ಬೆಳಿಗ್ಗೆ ನಾನು ಮಕ್ಕಳಿಗೆ ಬಣ್ಣ ಹಚ್ಚುವ ಸಾಮಾನು ಜೋಡಿಸುತ್ತಿದ್ದಾಗ ಬಂದು ನನ್ನ ಎದುರು ನಿಂತಳು. ಹುಡುಗರು ಹೋದ ಮೊದಲ ದಿನದಿಂದಲೇ ಅವನು ದಾರಿಯಲ್ಲಿ ಆಡಬಾರದ ಮಾತು ಆಡುತ್ತಿದ್ದನಂತೆ. ಕೈ ಇಡಬಾರದ ಕಡೆ ಇಟ್ಟಿದ್ದನಂತೆ. ನಾನು ಗಾಡಿಯ ಮೇಲೆ ಕೂರಿಸಿ ಕಳಿಸಿದ ಸಂಜೆ ಊರು ಇನ್ನೂ ದೂರವಿರುವಾಗ ರಸ್ತೆ ಬದಿಗೆ ಗಾಡಿ ನಿಲ್ಲಿಸಿದನಂತೆ. ಹುಡುಗಿ ಅವನ ಕೈಗೆ ಕಚ್ಚಿ ಹೊಲಕ್ಕೆ ಹಾರಿ ಓಡಿದ್ದಾಳೆ. ಚಪ್ಪಲಿ ಅಲ್ಲೇ ಬಿಟ್ಟು, ಹತ್ತಿಯ ಕಟ್ಟಿಗೆ ಕಡಿದು ಮೋಟು ಉಳಿದ ಹೊಲದಲ್ಲಿ ಬರಿಗಾಲಲ್ಲಿ, ಕತ್ತಲಾಗುವ ಹೊತ್ತಿಗೆ ಮನೆ ಮುಟ್ಟಿದ್ದಾಳೆ.

"ಕಾಲು ತೂತು ತೂತು ಆಗ್ಯಾವ ಟೀಚರ್. ಮಾತ ಆಡವಲ್ಲಳು," ಎಂದಳು ಖಾಲಾ. "ಅವರವ್ವ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ನಾಳೆ ಲಗ್ನಕ್ಕ ಅಡ್ಡ ಬರ್ತದ ಅಂತ ನನ್ನ ಕಾಲು ಹಿಡಕೊಂಡ್ಳು. ನೀವು ಓದಿದವರು. ಈಗ ಏನ್ ಮಾಡ್ತೀರಿ ಹೇಳ್ರಿ."

ನಾನು ಏನು ಮಾಡಬೇಕಾಗಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಇಂಥದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಎಂದು ಶಾಲೆಯಲ್ಲಿ ನಮಗೆ ತರಬೇತಿ ಕೊಟ್ಟಿದ್ದರು, ನಾನೇ ಎದ್ದು ನಿಂತು ಪ್ರಶ್ನೆ ಕೇಳಿ ಶಭಾಷ್ ಅನ್ನಿಸಿಕೊಂಡಿದ್ದೆ. ಆ ದಿನ ಮಾತ್ರ ತಾಯಿಯೇ ಬೇಡ ಅಂದಳಲ್ಲ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಂಜೆ ನೋಡೋಣ ಎಂದೆ. ಅಜ್ಜಿಯ ಮಾತುಗಳನ್ನು ಇನ್ನೊಬ್ಬ ಹುಡುಗಿಗೆ ಅವಸರದಲ್ಲಿ ಕಲಿಸಿದೆ. ಸಂಜೆ ನಾಟಕವಾಯಿತು, ಜನ ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಸಹಾಯ ಮಾಡಿದವರಿಗೆ ಶಾಲು ಹೊದಿಸುವುದಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಅವನ ಹೆಸರು ಇತ್ತು. ಅವನು ಎದ್ದು ಬಂದು ನನ್ನ ಎದುರು ತಲೆಬಾಗಿ ನಿಂತ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಅಂಥ ಕೈಯಲ್ಲೇ ಅಷ್ಟು ಹೊತ್ತು ಹಾರ್ಮೋನಿಯಂ ನುಡಿಸಿದ್ದ. ನಾನು ಶಾಲು ಹೊದಿಸಿದೆ.

ಖಾಲಾ ತನ್ನ ಹೆಸರು ಕೂಗಿದಾಗ ವೇದಿಕೆಗೆ ಬರಲಿಲ್ಲ. ಮರುವರ್ಷ ಕರೆದರೆ, "ನಿಮ್ಮ ಶಿಬಿರಕ್ಕ ನಾ ಹೊಲಿಯಂಗಿಲ್ರಿ," ಎಂದು ಅಂಗಡಿಯ ಒಳಗಿಂದಲೇ ಹೇಳಿ ಕಳಿಸಿದಳು. ಅವನನ್ನು ನಾನೂ ಕರೆಯಲಿಲ್ಲ. ಈ ಸಲ ಕೀಬೋರ್ಡಿನವರು ಸಿಕ್ಕಿದ್ದಾರೆ ಎಂದು ಫೋನಿನಲ್ಲಿ ನಯವಾಗಿ ಸುಳ್ಳು ಹೇಳಿದೆ. ಅವನು ಬೇರೆ ಕಡೆ ಮಕ್ಕಳಿಗೆ ಹಾಡು ಕಲಿಸುತ್ತಿದ್ದಾನೆ ಎಂದು ಆಮೇಲೆ ಎರಡು ಮೂರು ಸಲ ಕಿವಿಗೆ ಬಿತ್ತು. ಎಲ್ಲಿ, ಯಾವ ಮಕ್ಕಳಿಗೆ ಎಂದು ನಾನು ವಿಚಾರಿಸಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತಿದೆ. ಶಿಬಿರ ಇನ್ನೂ ಐದು ವರ್ಷ ನಡೆಯಿತು. ಹುಡುಗಿಯರ ಸಂಖ್ಯೆ ಮೂವತ್ತು ಮುಟ್ಟಿತು. ಪಾಮನಕಲ್ಲೂರಿನಿಂದ ಮಾತ್ರ ಯಾರೂ ಬರಲಿಲ್ಲ.

ಎರಡು ವರ್ಷದ ಹಿಂದೆ ಅವನು ತೀರಿಕೊಂಡ. ಆಗ ನನಗೆ ಧೈರ್ಯ ಬಂತು. ಎಂಥ ಧೈರ್ಯ ನೋಡಿ! ದೂರು ಕೊಡಬೇಕಾದ ಮನುಷ್ಯ ಮಣ್ಣಾದ ಮೇಲೆ ನಾನು ಕ್ಷಮೆ ಕೇಳಲು ಹೊರಟೆ. ಅದಕ್ಕೂ ಈ ವರ್ಷದವರೆಗೆ ಮುಂದೂಡಿದ್ದೆ. ಆ ಎಳೆಯರು ನಿಯಮ ಬರೆಸಿಕೊಂಡು ಹೋದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮಸ್ಕಿಗೆ ಹೋಗಿ ಖಾಲಾಳ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಆಕೆ ಯಂತ್ರ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು. ಹುಡುಗಿಯ ಜೊತೆ ಆಕೆಗೆ ಇವತ್ತಿಗೂ ಹೋಗಿ ಬರುವುದಿದೆ. ಅವಳು ಲಿಂಗಸುಗೂರಿನಲ್ಲಿ ರಕ್ತ ಪರೀಕ್ಷೆ ಮಾಡುವ ಕಡೆ ಕೆಲಸಕ್ಕಿದ್ದಾಳೆ, ಮುಂದಿನ ಮಾಗಿಗೆ ಮದುವೆ ಗೊತ್ತಾಗಿದೆ ಎಂದಳು. ಒಮ್ಮೆ ತಲೆ ಎತ್ತಿ, "ಹೋಗಲೇಬೇಕೇನ್ರಿ? ಅಕಿ ಚೊಲೋ ಅದಾಳ," ಎಂದಳು. ಹೋಗಲೇಬೇಕು ಎಂದೆ. ಆಗಲೂ ಆಕೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಲಿಂಗಸುಗೂರಿನ ಆ ಲ್ಯಾಬಿಗೆ ಹೋದೆ. ಹೊರಗೆ ಬೇವಿನ ಮರದ ಕೆಳಗೆ ಒಂದು ಬೆಂಚಿತ್ತು. ಹುಡುಗಿ ಬಿಳಿ ಕೋಟು ಹಾಕಿಕೊಂಡೇ ಹೊರಗೆ ಬಂದಳು. ಎತ್ತರವಾಗಿದ್ದಾಳೆ, ಸ್ವಲ್ಪ ತೆಳ್ಳಗಿದ್ದಾಳೆ. ನನ್ನನ್ನು ನೋಡಿದವಳೇ ನಕ್ಕಳು, ಅದನ್ನು ನಾನು ನಿರೀಕ್ಷಿಸಿರಲಿಲ್ಲ.

"ಟೀಚರ್, ನೀವೇನ್ರಿ ಇಲ್ಲಿ? ಆರಾಮದೀರಿ? ಶುಗರ್ ಟೆಸ್ಟ್ ಮಾಡಸಾಕ ಬಂದೀರೇನು?"

ದೊಡ್ಡವ್ವ ಅನ್ನಲಿಲ್ಲ, ಟೀಚರ್ ಎಂದಳು. ಅಷ್ಟಾದರೂ ಸರಿಯಾಯಿತು ಎನ್ನಿಸಿತು. ಪಕ್ಕದ ಹೋಟೆಲಿನಿಂದ ಚಹಾ ತರಿಸಿದಳು. ಹಾಡುತ್ತೀಯೇನು ಎಂದು ಕೇಳಿದೆ. ಇಲ್ಲ, ಬಿಟ್ಟೆ ಎಂದಳು. ನಾನು ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲಲ್ಲೇ ಹರಿದು, ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಅವತ್ತು ನೀ ನನ್ನ ಸೆರಗ ಹಿಡಿದು ಹೇಳಿದ್ದಿ. ನನಗ ಕೇಳಿಸಿತ್ತು ನೋಡವ್ವ. ಕೇಳಿಸಿ, ಗೊತ್ತಿದ್ದೂ, ನಾನ ಗಾಡಿ ಮ್ಯಾಲ ಕುಂದ್ರಿಸಿ ಕಳಿಸಿದೆ. ಶಿಬಿರ ನಿಂತು ಹೋಗ್ತೈತಿ ಅಂತ ಅಂಜಿದೆ. ನನ್ನದು ತಪ್ಪಾಗೇತಿ."

ಅವಳ ಮುಖದ ಮೇಲಿದ್ದ ನಗು ಕೂಡಲೇ ಹೋಗಲಿಲ್ಲ. ನಿಧಾನಕ್ಕೆ ಹೋಯಿತು.

"ಕೇಳಿಸಿತ್ತೇನ್ರಿ?"

ಹೌದೆಂದು ತಲೆಯಾಡಿಸಿದೆ.

"ಹಲಗಿ ಬಾರಸಾಕತ್ತಿದ್ರಲ್ರಿ ಒಳಗ," ಎಂದಳು. "ಆ ಸಪ್ಪಳದಾಗ ನಿಮಗ ಕೇಳಿಸಿರಲಿಲ್ಲ ಅಂತ ತಿಳ್ಕೊಂಡಿದ್ದೆ. ನಮ್ಮವ್ವ ನಿಮಗ ಬೈದಾಗೆಲ್ಲ ನಾ ಅದನ್ನ ಹೇಳ್ತಿದ್ದೆ. ಟೀಚರ್‌ಗ ಕೇಳಿಸಿದ್ರ ಕಳಸ್ತಿರಲಿಲ್ಲ ಬೇ ಯವ್ವ, ಅಂತ. ಇನ್ನೊಮ್ಮಿ ಜೋರಾಗಿ ಹೇಳಬೇಕಿತ್ತು, ನಂದ ತಪ್ಪು ಅಂತ ಇಷ್ಟು ದಿನ ಅನ್ಕೊಂಡಿದ್ದೆ."

ನಾನು ಬಂದದ್ದು ಅವಳಿಗೆ ಒಳ್ಳೆಯದಾಗಲಿ ಎಂದಲ್ಲ, ನನ್ನ ಎದೆಯ ಮೇಲಿನದನ್ನು ಇಳಿಸಿಕೊಳ್ಳಲಿಕ್ಕೆ ಎಂಬುದು ಆ ಬೆಂಚಿನ ಮೇಲೆ ಕೂತಾಗ ಗೊತ್ತಾಯಿತು. ನಿನ್ನದೇನೂ ತಪ್ಪಿಲ್ಲ, ನೀನು ಜೋರಾಗಿಯೇ ಹೇಳಿದ್ದೆ ಎಂದು ತಡವರಿಸಿದೆ. ಅದು ನಿಜ. ಅದು ಅವಳಿಗೆ ಹಗುರವಾಯಿತೋ, ಇನ್ನಷ್ಟು ಭಾರವಾಯಿತೋ ನಾನು ಹೇಳಲಾರೆ. ಅವಳು ಕಾಗದದ ಲೋಟವನ್ನು ಮಡಚುತ್ತ ಕೂತಿದ್ದಳು.

ಒಳಗಿನಿಂದ ಯಾರೋ ಅವಳನ್ನು ಕರೆದರು. ಎದ್ದು ನಿಂತಳು.

"ಮಂದಿ ಕಾಯಾಕತ್ತಾರ್ರಿ. ನಾ ಬರ್ತೀನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. ಸಿಟ್ಟಿರಲಿಲ್ಲ, ಕೇಳಬೇಕಾದ್ದನ್ನು ಕೇಳಿದಳು ಅಷ್ಟೇ. "ಇದನ್ನ ನಮ್ಮವ್ವಗ ಹೆಂಗ ಹೇಳ್ಲಿ ಟೀಚರ್?"